ಒಳಗೆ ಒಂದೂವರೆ ಇಂಚು ಬಿಟ್ಟು ಹೊಲಿಯುತ್ತಿರುವ ಆಫೀಸ್ ಬಟ್ಟೆಗಳು

ಜೂನ್

ಹಾರ್ಮೋನ್ ಚಿಕಿತ್ಸೆ ಶುರುವಾಗಿದೆ. ಅದರ ಜೊತೆಗೇ ಇನ್ನೊಂದು ಕೆಲಸವನ್ನೂ ಕೈಗೆತ್ತಿಕೊಂಡಿದ್ದೇನೆ. ಆಫೀಸಿಗೆ ಹಾಕಿಕೊಳ್ಳುವ ಬಟ್ಟೆಗಳನ್ನು ಒಂದೊಂದಾಗಿ ನಾನೇ ಹೊಲಿದುಕೊಳ್ಳುವುದು. ನಾನು ಟ್ರಾನ್ಸ್ ಮಹಿಳೆ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ, ಅಕೌಂಟ್ಸ್ ವಿಭಾಗ. ಅವ್ವನಿಗೆ, ಅಕ್ಕನಿಗೆ ವಿಷಯ ಗೊತ್ತು. ಆಫೀಸಿನಲ್ಲಿ ಇನ್ನೂ ಹೇಳಿಲ್ಲ.

ರೆಡಿಮೇಡ್ ಯಾಕೆ ಬೇಡ ಅಂದರೆ, ಅಳತೆ ಕೂಡುವುದಿಲ್ಲ. ಭುಜಕ್ಕೆ ಸರಿಹೋದ ಕುರ್ತಿ ಎದೆಯ ಹತ್ತಿರ ಜೋಲುತ್ತದೆ. ಎದೆಗೆ ಸರಿಹೋದದ್ದು ಭುಜದಲ್ಲಿ ಹಿಡಿಯುತ್ತದೆ. ತೋಳಂತೂ ಯಾವಾಗಲೂ ಗಿಡ್ಡ. ಒಂದು ಅಂಗಡಿಯಲ್ಲಿ ಟ್ರಯಲ್ ರೂಮಿಗೆ ಬಿಡಲೇ ಇಲ್ಲ. ಬೇಜಾರಾಯಿತು. ಅವ್ವನ ಕಾಲಲ್ಲಿ ತುಳಿಯುವ ಮಷಿನ್ ಮನೆಯಲ್ಲೇ ಇದೆ, ಅಕ್ಕನಿಗೆ ಕಟಿಂಗ್ ಬರುತ್ತದೆ, ನನಗೆ ನೇರ ಹೊಲಿಗೆ ಬರುತ್ತದೆ. ಇನ್ನೇನು ಬೇಕು?

ಡಾಕ್ಟರ್ ಮೊದಲೇ ಬಿಡಿಸಿ ಹೇಳಿದ್ದರು. ಎಸ್ಟ್ರಡಯಾಲ್, ಅಂದರೆ ಹೆಣ್ಣಿನ ಹಾರ್ಮೋನ್, ಶುರುವಾದ ಕೆಲವು ತಿಂಗಳಲ್ಲಿ ಎದೆ ನೋಯಲು ಶುರುವಾಗುತ್ತದೆ. ಸೊಂಟದ ಕೆಳಗೆ, ತೊಡೆಯಲ್ಲಿ ಕೊಬ್ಬು ಸೇರುವುದು ನಿಧಾನ, ಅದಕ್ಕೆ ವರ್ಷಗಳೇ ಬೇಕು. ನನ್ನ ವಯಸ್ಸಿನಲ್ಲಿ ಎಲುಬು ಮಾತ್ರ ಬದಲಾಗುವುದಿಲ್ಲ. ಹೊಲಿಯುವವಳಿಗೆ ಬೇಕಾದ ಲೆಕ್ಕ ಎಲ್ಲಾ ಇದರಲ್ಲೇ ಇದೆ. ಭುಜ ಇವತ್ತು ಎಷ್ಟಿದೆಯೋ ಮುಂದೆಯೂ ಅಷ್ಟೇ, ಅಲ್ಲಿ ಧೈರ್ಯವಾಗಿ ಕತ್ತರಿ ಹಾಕಬಹುದು. ಎದೆ, ಸೊಂಟ, ಸೀಟು ಈ ಮೂರು ಕಡೆ ಒಳಗೆ ಬಟ್ಟೆ ಬಿಟ್ಟಿರಬೇಕು. ಎರಡೂ ಪಕ್ಕದಲ್ಲಿ ಒಂದೂವರೆ ಇಂಚು ಅಂತ ಇಟ್ಟುಕೊಂಡಿದ್ದೇನೆ. ಪಕ್ಕದ ಹೊಲಿಗೆಯನ್ನು ಸ್ವಲ್ಪ ದೊಡ್ಡದಾಗಿ ಹಾಕುತ್ತೇನೆ, ಬಿಚ್ಚಲು ಸುಲಭ.

"ಇಷ್ಟ್ಯಾಕ ಒಳಗ ಬಿಟ್ಟೀ?" ಅಂದಳು ಅಕ್ಕ. "ಬೇಕಾಗ್ತದ" ಅಂದೆ. ಅರ್ಥವಾಯಿತು ಅವಳಿಗೆ.

ಆಗಸ್ಟ್

ಮೊದಲನೆಯದು ನೆಹರು ಶರ್ಟ್. ಇದನ್ನು ಆರಿಸಿಕೊಳ್ಳಲು ಕಾರಣ ಇದೆ. ನಮ್ಮ ಕಡೆ ಗಂಡಸರು ಆಫೀಸಿಗೆ, ಮದುವೆಗೆ, ಸಭೆಗೆ ನೆಹರು ಶರ್ಟ್ ಹಾಕಿಕೊಂಡೇ ಬರುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಅದೇ ಬಟ್ಟೆಯ ಕಟಿಂಗ್ ಸ್ವಲ್ಪ ಬದಲಾಯಿಸಿದರೆ ಕುರ್ತಿ ಆಗುತ್ತದೆ. ಹೇಳುವ ಮೊದಲೂ ಹಾಕಿಕೊಳ್ಳಬಹುದು, ಹೇಳಿದ ಮೇಲೂ ಹಾಕಿಕೊಳ್ಳಬಹುದು. ಅಂಥ ಬಟ್ಟೆ ಬೇರೆ ಯಾವುದಿದೆ?

ಬಟ್ಟೆ ಹುಬ್ಬಳ್ಳಿಯ ಬೆಂಗೇರಿಯಿಂದ ತಂದದ್ದು, ರಾಷ್ಟ್ರಧ್ವಜ ತಯಾರಾಗುವ ಖಾದಿ ಸಂಘದಿಂದ. ತಿಳಿ ಬೂದು ಬಣ್ಣ. ಖಾದಿ ನೀರು ಕಂಡರೆ ಕುಗ್ಗುತ್ತದೆ, ಅದಕ್ಕೆ ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿದ್ದು.

ಭುಜ ಅಗಲ ಕಾಣಬಾರದು ಅಂತ ಕತ್ತನ್ನು ವಿ ಆಕಾರಕ್ಕೆ ಇಳಿಸಿದೆವು. ಭುಜದ ಹೊಲಿಗೆಯನ್ನು ಅರ್ಧ ಇಂಚು ಒಳಗೆ ತಂದೆವು. ತೋಳಿನ ಮೇಲ್ಭಾಗದಲ್ಲಿ ನೆರಿಗೆ ಬೇಡವೇ ಬೇಡ, ಅದು ಭುಜವನ್ನು ಇನ್ನೂ ಎತ್ತಿ ತೋರಿಸುತ್ತದೆ. ಬೋಟ್ ನೆಕ್ ಕೂಡ ಹಾಗೆಯೇ. ಸೊಂಟದಿಂದ ಕೆಳಗೆ ಘೇರು, ಅಂದರೆ ಬಟ್ಟೆಯ ಸುತ್ತಳತೆ, ಜಾಸ್ತಿ ಕೊಟ್ಟೆವು. ಅಷ್ಟಕ್ಕೇ ನಡು ಇದ್ದಂತೆ ಕಾಣುತ್ತದೆ. ಎರಡೂ ಪಕ್ಕದಲ್ಲಿ ಆಳವಾದ ಕಿಸೆ. ಹೆಂಗಸರ ಬಟ್ಟೆಯಲ್ಲಿ ಕಿಸೆ ಯಾಕೆ ಇಡುವುದಿಲ್ಲವೋ! ನನ್ನ ಫೋನು, ಬೀಗದ ಕೈ, ಪೆನ್ನು ಎಲ್ಲಾ ಎಲ್ಲಿ ಇಟ್ಟುಕೊಳ್ಳಬೇಕು?

ಕೊನೆಗೆ ಗುಂಡಿ ಪಟ್ಟಿ. ಗಂಡಸರ ಅಂಗಿಯಲ್ಲಿ ಎಡಗಡೆಯ ಪಟ್ಟಿ ಮೇಲೆ ಬರುತ್ತದೆ, ಹೆಂಗಸರದ್ದರಲ್ಲಿ ಬಲಗಡೆಯದು. ನಾನು ಬಲಗಡೆಯ ಪಟ್ಟಿಯನ್ನು ಮೇಲೆ ಇಟ್ಟೆ. ಕಾಜಾ ಕೈಯಲ್ಲೇ ಹಾಕಿದೆ. ಆಫೀಸಿನಲ್ಲಿ ಒಬ್ಬರೂ ಗಮನಿಸಲಿಲ್ಲ, ಗಮನಿಸಲಿ ಅಂತ ಮಾಡಿದ್ದೂ ಅಲ್ಲ. ಬೆಳಿಗ್ಗೆ ಗುಂಡಿ ಹಾಕಿಕೊಳ್ಳುವಾಗ ಬೆರಳುಗಳು ಹಳೆಯ ರೂಢಿಯಲ್ಲಿ ಆ ಕಡೆ ಹೋಗಿ, ಮತ್ತೆ ಈ ಕಡೆ ಬರುತ್ತವೆ. ಆ ಒಂದು ಕ್ಷಣಕ್ಕೆ ದಿನವಿಡೀ ಸಾಕಾಗುವಷ್ಟು ಖುಷಿ ಸಿಗುತ್ತದೆ.

ಪ್ಯಾಂಟ್ ಹಳೆಯವೇ. ಉದ್ದ ಕುರ್ತಿಯ ಕೆಳಗೆ ನಡೆಯುತ್ತದೆ, ದುಡ್ಡೂ ಉಳಿಯುತ್ತದೆ.

ಅಕ್ಟೋಬರ್

ಎದೆ ನೋವು ಶುರುವಾಗಿದೆ. ಡಾಕ್ಟರ್ ಹೇಳಿದ್ದೇ, ಆದರೂ ಬಟ್ಟೆಯ ವಿಷಯದಲ್ಲಿ ಇದು ಇಷ್ಟು ದೊಡ್ಡ ಸಂಗತಿ ಅಂತ ಗೊತ್ತಿರಲಿಲ್ಲ. ಕುತ್ತಿಗೆಗೆ ನೇತುಹಾಕುವ ಐಡಿ ಕಾರ್ಡ್ ಇದೆಯಲ್ಲ, ಅದರ ಕಬ್ಬಿಣದ ಕ್ಲಿಪ್ ಮೆಟ್ಟಿಲು ಇಳಿಯುವಾಗ ಸರಿಯಾಗಿ ಎದೆಗೇ ಬಡಿಯುತ್ತದೆ. ಜೀವ ಹೋದಂತಾಗುತ್ತದೆ. ಈಗ ಕಾರ್ಡನ್ನು ಕಿಸೆಗೆ ಸಿಕ್ಕಿಸಿಕೊಳ್ಳುತ್ತೇನೆ. ಚಿಗರಿ ಬಸ್ಸಿನಲ್ಲಿ ಬೆಳಿಗ್ಗೆ ನಿಂತೇ ಬರಬೇಕಾಗುತ್ತದೆ. ಎದೆಯ ಮೇಲೆ ಅಡ್ಡ ಬರುವ ಬ್ಯಾಗ್ ಬಿಟ್ಟು ಹೆಗಲಿಗೆ ಹಾಕುವ ಬ್ಯಾಗ್ ತಗೊಂಡೆ.

ಒಳಗೆ ಮೆತ್ತನೆಯ ಕಾಟನ್ ಸ್ಲಿಪ್ ಹಾಕಿಕೊಳ್ಳುತ್ತೇನೆ. ಎದೆಯ ಭಾಗದಲ್ಲಿ ಹೊಲಿಗೆ ಇಲ್ಲದ್ದನ್ನೇ ಹುಡುಕಿ ತಂದದ್ದು. ಈಗಷ್ಟೇ ಶುರು ಮಾಡುತ್ತಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಕುರ್ತಿಗಿಂತ ಮೊದಲು ಒಳ್ಳೆಯ ಸ್ಲಿಪ್ ತಗೊಳ್ಳಿ.

ಮುಖದ ಕೂದಲು ತೆಗೆಸಲು ಲೇಸರ್ ಮಾಡಿಸಿಕೊಂಡ ಮರುದಿನ ಕಾಲರ್ ತಾಗಿದರೆ ಗದ್ದದ ಕೆಳಗೆ ಉರಿಯುತ್ತದೆ. ಆ ದಿನಗಳಿಗೆ ಕಾಲರ್ ಇಲ್ಲದ ಕುರ್ತಿ.

ನವೆಂಬರ್

ಅವ್ವನ ಜೊತೆ ದೊಡ್ಡ ಮಾತಾಯಿತು. ಅವಳಿಗೆ ನನ್ನಂಥವರು ಅಂದರೆ ಕಣ್ಣ ಮುಂದೆ ಬರುವುದು ಸವದತ್ತಿ ಎಲ್ಲಮ್ಮನ ಜಾತ್ರೆಯ ಜೋಗತಿಯರು. ಸೀರೆ, ಕೊರಳಲ್ಲಿ ಮುತ್ತು, ತಲೆಯ ಮೇಲೆ ಕೊಡ. "ನೀನೂ ಹಂಗ ಹೋಗ್ತೀಯೇನು?" ಅಂತ ಕೇಳಿದಳು. ಅವಳ ದನಿಯಲ್ಲಿ ಹೆದರಿಕೆ ಇತ್ತು, ತಿರಸ್ಕಾರ ಇರಲಿಲ್ಲ. ನನಗೂ ಆ ದಾರಿಯ ಬಗ್ಗೆ ತಿರಸ್ಕಾರ ಇಲ್ಲ. ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ಸೀರೆ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದದ್ದನ್ನು ನಾವಿಬ್ಬರೂ ನೋಡಿದ್ದೆವು, ಅವ್ವ ಕೈ ಮುಗಿದಿದ್ದಳು. ಅದನ್ನೇ ನೆನಪಿಸಿದೆ. ನಾನು ಮಾಡಲು ಹೊರಟಿರುವುದು ಬೇರೆ, ಇದೇ ಕೆಲಸ, ಇದೇ ಟೇಬಲ್, ಬಟ್ಟೆ ಮಾತ್ರ ನನ್ನದು ಅಂದೆ. ಅವ್ವ ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕುರ್ತಿಯ ಅಂಚು ಹಿಡಿದು ನೋಡಿ, ಹೆಮ್ಮಿಂಗ್ ಸರಿಯಾಗಿಲ್ಲ ಅಂತ ಬಿಚ್ಚಿ ತಾನೇ ಕೂತು ಹಾಕಿಕೊಟ್ಟಳು.

ಡಿಸೆಂಬರ್

ಮ್ಯಾನೇಜರ್ ಮೇಡಂಗೆ ಹೇಳಿದೆ. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಸುಪ್ರೀಂ ಕೋರ್ಟ್ ಟ್ರಾನ್ಸ್ ಜನರ ಹಕ್ಕುಗಳ ಬಗ್ಗೆ ಕೊಟ್ಟ 2014ರ ನಾಲ್ಸಾ ತೀರ್ಪಿನಲ್ಲಿ ಉಡುಪನ್ನೂ ಲಿಂಗತ್ವದ ಅಭಿವ್ಯಕ್ತಿಯಲ್ಲಿ ಸೇರಿಸಿದೆ, ಸಂವಿಧಾನದ 19ನೇ ವಿಧಿಯ ಅಡಿಯಲ್ಲಿ ಅದಕ್ಕೆ ರಕ್ಷಣೆ ಇದೆ. ಕೆಲಸದಲ್ಲಿ ತಾರತಮ್ಯ ಮಾಡಬಾರದು, ಪ್ರತಿ ಸಂಸ್ಥೆಯಲ್ಲೂ ದೂರು ಕೇಳುವ ಅಧಿಕಾರಿ ಇರಬೇಕು ಅಂತ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಬಂತು. ಹಾಳೆ ತೆಗೆಯುವ ಅಗತ್ಯವೇ ಬೀಳಲಿಲ್ಲ. ಮೇಡಂ ಕೇಳಿದ್ದು ಮೂರೇ: ಯಾವ ಹೆಸರಿನಿಂದ ಕರೆಯಬೇಕು, ಯಾವತ್ತಿನಿಂದ, ಉಳಿದವರಿಗೆ ನೀನೇ ಹೇಳುತ್ತೀಯಾ ಇಲ್ಲ ನಾನು ಹೇಳಲಾ. ಶೌಚಾಲಯದ ವಿಷಯ ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ, ಮಾತು ನಡೆದಿದೆ.

ಡ್ರೆಸ್ ಬಗ್ಗೆ ನಮ್ಮಲ್ಲಿ ಬರೆದಿಟ್ಟ ನಿಯಮ ಅಂತ ಇರುವುದು ನೀಟಾಗಿರಬೇಕು ಅನ್ನುವುದಷ್ಟೇ. ನಾನು ಎಲ್ಲವನ್ನೂ ಒಂದೇ ದಿನ ಬದಲಾಯಿಸಲು ಹೋಗುತ್ತಿಲ್ಲ. ಅದೇ ಬೂದು ಖಾದಿ, ಮೇಲೆ ಒಂದು ದುಪಟ್ಟಾ, ಕಿವಿಗೆ ಸಣ್ಣ ಓಲೆ. ಅಂಜಿಕೆಯಿಂದ ಮಾಡಿದ ಲೆಕ್ಕ ಅಲ್ಲ ಇದು. ಯಾವ ಬಟ್ಟೆಯಲ್ಲಿ ನಾನು ಕೂತು ವೋಚರ್ ನೋಡುತ್ತಾ ಬಟ್ಟೆಯನ್ನೇ ಮರೆಯುತ್ತೇನೋ ಅದೇ ನನ್ನ ಆಫೀಸ್ ಬಟ್ಟೆ, ಅಲ್ವಾ?

ಜನವರಿ

ಚಪ್ಪಲಿ ಸಿಕ್ಕಿತು! ಅಂಗಡಿಗಳಲ್ಲಿ ಹೆಂಗಸರ ಸೈಜು ಹೆಚ್ಚಾಗಿ ಎಂಟಕ್ಕೇ ನಿಲ್ಲುತ್ತದೆ, ನನ್ನ ಕಾಲು ಅದಕ್ಕಿಂತ ದೊಡ್ಡದು. ಅಥಣಿ ಕಡೆಯ ಕುಶಲಕರ್ಮಿಯೊಬ್ಬರಿಗೆ ಹಾಳೆಯ ಮೇಲೆ ಪಾದ ಇಟ್ಟು ಗೆರೆ ಎಳೆದು ಕಳಿಸಿದೆ. ಹೆಂಗಸರ ಮಾದರಿಯಲ್ಲೇ, ತೆಳು ಪಟ್ಟಿಯ ಕೊಲ್ಹಾಪುರಿ ಮಾಡಿಕೊಟ್ಟರು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ.

ಫೆಬ್ರವರಿ

ಗುಳೇದಗುಡ್ಡ ಖಣದ ಕುರ್ತಿ ಮುಗಿಯಿತು. ಖಣ ಕುಪ್ಪಸಕ್ಕೆ ಅಂತಲೇ ನೇಯುವ ಬಟ್ಟೆ, ಅಗಲ ಕಡಿಮೆ, ಪೂರ್ತಿ ಕುರ್ತಿಗೆ ಸಾಲುವುದಿಲ್ಲ. ಅದಕ್ಕೆ ಎದೆಯ ಮೇಲ್ಭಾಗ ಮತ್ತು ತೋಳಿನ ತುದಿಗೆ ಮಾತ್ರ ಖಣ, ಉಳಿದದ್ದು ಕಪ್ಪು ಕಾಟನ್. ಖಣಕ್ಕೆ ಒಳಗಿನಿಂದ ಲೈನಿಂಗ್ ಕೊಟ್ಟಿದ್ದೇನೆ, ಇಲ್ಲದಿದ್ದರೆ ಜರಿ ಚುಚ್ಚುತ್ತದೆ.

ಮೊದಲನೆಯ ನೆಹರು ಶರ್ಟಿನ ಪಕ್ಕದ ಹೊಲಿಗೆಯನ್ನು ಈ ತಿಂಗಳು ಬಿಚ್ಚಿದೆ. ಎದೆಯ ಹತ್ತಿರ ಅರ್ಧ ಇಂಚು ಬಿಟ್ಟುಕೊಟ್ಟೆ. ಅಕ್ಕನಿಗೆ ತೋರಿಸಿದರೆ ಟೇಪು ತಂದು ಮತ್ತೊಮ್ಮೆ ಅಳೆದು, "ಹೌದಲೇ!" ಅಂದಳು.

ಮುಂದಿನ ಕೆಲಸ ಬ್ಲೌಸ್. ಆಫೀಸಿನ ವಾರ್ಷಿಕ ಕಾರ್ಯಕ್ರಮಕ್ಕೆ ಅವ್ವನ ಇಳಕಲ್ ಸೀರೆ ಉಡಬೇಕು ಅಂತಿದೆ. ಪ್ರಿನ್ಸೆಸ್ ಕಟ್ ಬೇಡ, ಸಾದಾ ಟಕ್ಸ್ ಇಡೋಣ, ಬಿಚ್ಚಿ ಸರಿಸಲು ಸುಲಭ ಅನ್ನುತ್ತಿದ್ದಾಳೆ ಅಕ್ಕ. ನನಗೂ ಅದೇ ಸರಿ ಅನಿಸುತ್ತದೆ. ಹುಕ್ಕು ಮುಂದೆ. ಮಾರ್ಚ್ ಕ್ಲೋಸಿಂಗ್ ಮುಗಿದ ಮೇಲೆ ಬಟ್ಟೆ ಕತ್ತರಿಸುತ್ತೇವೆ.