ಆಗಸ್ಟ್ ಒಂದಕ್ಕೆ ಕಾಯುತ್ತಾ

ಗಲ್ಫಿನಿಂದ ಬಂದವನು ಕುಂದಾಪುರದ ಪೇಟೆಗೆ ಹೋದರೆ ಸಿಕ್ಕವರೆಲ್ಲ ಕೇಳುವುದು ಎರಡೇ ಪ್ರಶ್ನೆ: "ಹ್ವಾಯ್, ಯಾವಾಗ ಬಂದದ್ದ್? ಇನ್ನ್ ಹೋಪುದ್ ಯಾವಾಗ?" ಎರಡನೆಯದಕ್ಕೆ ರಜೆ ಮುಗಿಯುವ ತಾರೀಕನ್ನು ಹೇಳಿ ಹೇಳಿ ಎಷ್ಟು ರೂಢಿಯಾಗಿತ್ತೆಂದರೆ, ಈ ಸಲ "ಇನ್ನು ಹೋಗುವುದಿಲ್ಲ" ಎಂದು ಹೇಳಿದಾಗಲೆಲ್ಲ ಮುಂದೆ ಏನು ಮಾತನಾಡಬೇಕೆಂದು ಕೇಳಿದವರಿಗೂ ತೋಚುವುದಿಲ್ಲ, ನನಗೂ ತೋಚುವುದಿಲ್ಲ. ಕೆಲವರು ಅನುಕಂಪದ ಮುಖ ಮಾಡುತ್ತಾರೆ. ಕೆಲಸ ಹೋಯಿತೆಂದು ಭಾವಿಸಿದವರಿಗೆ ನಾನಾಗಿಯೇ ಬಿಟ್ಟು ಬಂದೆನೆಂದು ವಿವರಿಸುವ ಉತ್ಸಾಹ ಈಗ ಉಳಿದಿಲ್ಲ.

ಶಾರ್ಜಾದಲ್ಲಿ ನಾನು ಹವಾನಿಯಂತ್ರಣ ಮತ್ತು ಕೋಲ್ಡ್ ರೂಮ್‌ಗಳ ನಿರ್ವಹಣೆಯ ಕೆಲಸದಲ್ಲಿದ್ದೆ. ನಮ್ಮಂಥವರ ವೀಸಾ ಕೆಲಸಕ್ಕೆ ಅಂಟಿಕೊಂಡಿರುವುದರಿಂದ, ಒಂದಲ್ಲ ಒಂದು ದಿನ ಮರಳಲೇಬೇಕು ಎಂಬುದು ಹೋದ ದಿನವೇ ಗೊತ್ತಿರುತ್ತದೆ. ಕೈಗೆ ಬರುವ ಕೊನೆಯ ದೊಡ್ಡ ಮೊತ್ತವೆಂದರೆ ಗ್ರಾಚ್ಯುಟಿ: ಅಲ್ಲಿನ ಕಾನೂನಿನಂತೆ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನಗಳದು. ಕೇಳಲು ಚೆನ್ನಾಗಿದ್ದರೂ ಈ ಲೆಕ್ಕ ನಡೆಯುವುದು ಮೂಲ ವೇತನದ ಮೇಲೆ ಮಾತ್ರ; ಸಂಬಳದ ಬಹುಭಾಗವನ್ನು ಭತ್ಯೆಗಳೆಂದು ತೋರಿಸುವ ಕಡೆಗಳಲ್ಲಿ ಗ್ರಾಚ್ಯುಟಿ ಎಷ್ಟು ಕುಗ್ಗುತ್ತದೆ ಎಂಬುದು ಅದನ್ನು ಪಡೆದವರಿಗೆ ಗೊತ್ತು. ಆ ಹಣವೇ ನನ್ನ ಹೊಸ ವರ್ಕ್‌ಶಾಪಿನ ಬಂಡವಾಳ.

ಬ್ಯಾಂಕಿನ ಕೆಲಸ ಬೇಗ ಮುಗಿಯಿತು. ನೆಲೆಸಲೆಂದೇ ಮರಳಿದವನು ಅನಿವಾಸಿ ಭಾರತೀಯರಿಗಾಗಿ ಇರುವ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಾಯಿಸಬೇಕು, ಅದರೊಂದಿಗೆ ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿಯೂ ಹೋಗುತ್ತದೆ. ಅಷ್ಟೆ. ನಿಜವಾಗಿ ಸಮಯ ಹಿಡಿದದ್ದು ಮನೆ. ಅಲ್ಲಿಂದ ಕಳುಹಿಸಿದ ಹಣದಲ್ಲಿ ಕಟ್ಟಿಸಿದ ಮನೆಯಾದರೂ ಅದರಲ್ಲಿ ನಾನು ಇದ್ದದ್ದು ರಜೆಯ ವಾರಗಳಲ್ಲಿ ಮಾತ್ರ, ಅದೂ ನೆಂಟನಂತೆ. ಅಡುಗೆಮನೆಯ ಹೊರಗಿನ ಸ್ವಿಚ್ ಬೋರ್ಡಿನಲ್ಲಿ ಬಾವಿಯ ಪಂಪಿನದು ಯಾವುದು, ಕೊಟ್ಟಿಗೆಯ ದೀಪದ್ದು ಯಾವುದು ಎಂದು ನನಗೆ ತಿಳಿದಿರಲಿಲ್ಲ. ಕಟ್ಟಡಗಟ್ಟಲೆ ವೈರಿಂಗ್ ನೋಡಿಕೊಂಡು ಬಂದವನು ಸ್ವಂತ ಮನೆಯ ಸ್ವಿಚ್ಚಿಗಾಗಿ ಅಮ್ಮನನ್ನು ಕರೆಯಬೇಕಾಯಿತು. "ಮೇಲಿಂದ ಮೂರನೆಯದು, ಅದನ್ನು ಸ್ವಲ್ಪ ಒತ್ತಿ ಹಿಡಿಯಬೇಕು" ಎಂದು ಅಮ್ಮ ಒಳಗಿನಿಂದಲೇ ಹೇಳಿದರು.

ವರ್ಕ್‌ಶಾಪಿಗೆ ನಾನು ಆರಿಸಿಕೊಂಡ ಜಾಗ ಗಂಗೊಳ್ಳಿ. ಕುಂದಾಪುರದಿಂದ ನೋಡಿದರೆ ಪಂಚಗಂಗಾವಳಿ ನದಿಯ ಆಚೆ ದಡದಲ್ಲೇ ಇದೆ. ರಸ್ತೆಯಲ್ಲಿ ಹೋಗುವವನು ಮಾತ್ರ ಹೆಮ್ಮಾಡಿ ದಾಟಿ ಸುತ್ತಿ ಬರಬೇಕು. ಬಂದರಿನ ಮಂಜುಗಡ್ಡೆ ಘಟಕಗಳು, ಮೀನಿನ ಅಂಗಡಿಗಳ ಡೀಪ್ ಫ್ರೀಜರುಗಳು, ಹೋಟೆಲುಗಳ ಕೋಲ್ಡ್ ರೂಮುಗಳು, ಇವುಗಳ ದುರಸ್ತಿಯೇ ನನ್ನ ಉದ್ದೇಶ. ಆದರೆ ನಾನು ಬಂದಿಳಿದದ್ದು ಮೇ ತಿಂಗಳ ಕೊನೆಗೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲವೆಂದು ಮಾಡಿರುವ ಈ ನಿಯಮ ನ್ಯಾಯವಾದದ್ದೇ. ನಾಡದೋಣಿಗಳು ಮಾತ್ರ ಕಡಲು ಶಾಂತವಾದ ದಿನ ಹೊರಡುತ್ತವೆ. ಬೋಟುಗಳು ದಡದಲ್ಲಿ, ಬಲೆಗಳು ಶೆಡ್ಡಿನಲ್ಲಿ, ಹೊರರಾಜ್ಯದ ಕಾರ್ಮಿಕರು ಅವರವರ ಊರಿನಲ್ಲಿ. ಹೀಗಾಗಿ ನಾನೊಬ್ಬನೇ ಕೆಲಸವಿಲ್ಲದೆ ಕುಳಿತಿದ್ದೇನೆಂಬ ಸಂಕೋಚ ಬಂದರಿನ ಬಳಿ ನನಗಾಗುವುದಿಲ್ಲ.

ಮಂಜುಗಡ್ಡೆ ಘಟಕಗಳಿಗೆ ಇದು ಸಂಪೂರ್ಣ ದುರಸ್ತಿಯ ಕಾಲವಾದ್ದರಿಂದ ಒಂದು ಘಟಕದ ಹಿರಿಯ ಮಿಸ್ತ್ರಿಯೊಬ್ಬರ ಜೊತೆ ಹೋಗತೊಡಗಿದೆ. ಅಲ್ಲಿ ತಿಳಿದದ್ದೇನೆಂದರೆ, ನನ್ನ ಕೈಗೆ ಗೊತ್ತಿರುವುದು ತಾಮ್ರ, ಇಲ್ಲಿ ಬೇಕಾಗಿರುವುದು ಉಕ್ಕು. ಶಾರ್ಜಾದಲ್ಲಿ ತಂಪುಗೊಳಿಸಲು ಆರ್-22, ಆರ್-410ಎ ಮುಂತಾದ ವಾಸನೆಯಿಲ್ಲದ ಗ್ಯಾಸುಗಳು, ತಾಮ್ರದ ಕೊಳವೆಗಳು, ಅವನ್ನು ಬೆಸೆಯಲು ಬ್ರೇಜಿಂಗ್. ಸೋರಿಕೆಯನ್ನು ಹುಡುಕಲು ಸೋಪಿನ ನೊರೆ. ಇಲ್ಲಿ ಉಪ್ಪುನೀರಿನ ದೊಡ್ಡ ತೊಟ್ಟಿಯನ್ನು ತಂಪುಗೊಳಿಸುವುದು ಅಮೋನಿಯಾ. ತೇವಾಂಶ ಸೇರಿದ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿಂದುಹಾಕುವುದರಿಂದ ಎಲ್ಲವೂ ಉಕ್ಕಿನ ಕೊಳವೆ, ಎಲ್ಲವೂ ವೆಲ್ಡಿಂಗ್. ಸೋರುವ ಜಾಗದ ಹತ್ತಿರ ಮಿಸ್ತ್ರಿ ಗಂಧಕದ ಬತ್ತಿಯನ್ನು ಹಚ್ಚಿ ಹಿಡಿಯುತ್ತಾರೆ. ಅಮೋನಿಯಾ ತಾಗಿದಲ್ಲಿ ದಟ್ಟವಾದ ಬಿಳಿ ಹೊಗೆ ಏಳುತ್ತದೆ. ಮೊದಲ ಸಲ ಮೂಗು ಮುಚ್ಚಿಕೊಂಡು ಹಿಂದೆ ಸರಿದ ನನ್ನನ್ನು ನೋಡಿ ಅವರು, "ದುಬೈಯಲ್ಲಿ ಇದೆಲ್ಲ ಸೆಂಟಿನ ವಾಸನೆಯಾ?" ಎಂದು ಕೇಳಿದರು. ಶಾರ್ಜಾ ಎಂದು ತಿದ್ದಲು ಹೋಗಲಿಲ್ಲ, ಊರಿನವರ ಪಾಲಿಗೆ ಕೊಲ್ಲಿಯೆಲ್ಲ ದುಬೈಯೇ.

ಕಾಯುವುದು ಕೆಟ್ಟದ್ದೆಂದು ನನಗೆ ಈಗ ಅನಿಸುತ್ತಿಲ್ಲ. ಬಂದ ಮರುದಿನವೇ ಅಂಗಡಿ ತೆರೆದಿದ್ದರೆ ಗೊತ್ತಿದ್ದ ಕೆಲಸವನ್ನಷ್ಟೇ ಹಿಡಿದು ಮನೆಮನೆಯ ಎಸಿ ತೊಳೆಯುವಲ್ಲಿಗೆ ನಿಲ್ಲುತ್ತಿದ್ದೆ, ಮತ್ತು ಆ ಕೆಲಸಕ್ಕೆ ಇಲ್ಲಿ ಹುಡುಗರು ಬೇಕಾದಷ್ಟಿದ್ದಾರೆ. ಉಳಿದಿರುವ ಚಿಂತೆ ಒಂದೇ: ವೆಲ್ಡಿಂಗ್ ಯಂತ್ರಕ್ಕೆ ತ್ರೀ ಫೇಸ್ ಸಂಪರ್ಕ. ಅರ್ಜಿ ಕೊಟ್ಟಾಗಿದೆ, "ಮಳೆ ಸ್ವಲ್ಪ ಕಡಿಮೆಯಾಗಲಿ" ಎಂಬ ಉತ್ತರವೂ ಬಂದಿದೆ. ಆಗಸ್ಟಿನ ಮೊದಲ ವಾರ ಬೋಟುಗಳೆಲ್ಲ ಒಮ್ಮೆಲೇ ಮಂಜುಗಡ್ಡೆ ಕೇಳುತ್ತವೆ, ಕೆಟ್ಟ ಯಂತ್ರಗಳು ಗೊತ್ತಾಗುವುದೂ ಆಗಲೇ. ಆದ್ದರಿಂದ ಜುಲೈ ಕೊನೆಯೊಳಗೆ ಸಂಪರ್ಕ ಬಾರದಿದ್ದರೆ ಜನರೇಟರನ್ನು ಬಾಡಿಗೆಗೆ ತರುವುದೆಂದು ತೀರ್ಮಾನಿಸಿದ್ದೇನೆ. ಆ ಬಾಡಿಗೆ ದಂಡವೆಂದು ಅಮ್ಮನ ತಕರಾರಿದೆ. ಮುಂಗಡವನ್ನು ಮಾತ್ರ ಅವರಿಗೆ ಹೇಳದೆ ಕೊಟ್ಟಾಗಿದೆ.