ಮಠದ ಶಾಲೆಯಲ್ಲಿ ಪೂಜೆಗೆ ಕೂರಲೇಬೇಕೆ?

ಜೂನ್ ಬಂತೆಂದರೆ ಕಲಬುರಗಿಯ ನನ್ನ ವಕೀಲಿ ಕಚೇರಿಗೆ ಬಂದವರಲ್ಲಿ ಒಬ್ಬರಾದರೂ ಹೊಲದ ವ್ಯಾಜ್ಯದ ಮಾತು ಮುಗಿಸಿ, ಚಪ್ಪಲಿ ಮೆಟ್ಟುತ್ತಾ ಕೇಳುತ್ತಾರೆ: "ವಕೀಲ ಸಾಹೇಬರೇ, ಆ ಮಠದ ಶಾಲೆಗೆ ಸರ್ಕಾರದ ಅನುದಾನ ಇದೆ. ನಮ್ಮ ಹುಡುಗ ಅಲ್ಲಿಯ ಪೂಜೆಗೆ ಕೂರಲೇಬೇಕೇನು?" ಮಠದ ಜಾಗದಲ್ಲಿ ಚರ್ಚ್ ಇಟ್ಟು ಕೇಳುವವರೂ ಇದ್ದಾರೆ. ಫೀಸಿಲ್ಲದ ಪ್ರಶ್ನೆಗಳು ಯಾವಾಗಲೂ ಬಾಗಿಲಲ್ಲೇ ಹುಟ್ಟುತ್ತವೆ.

ಕೂರಬೇಕಾಗಿಲ್ಲ, ನೀವು ಒಪ್ಪಿಗೆ ಕೊಟ್ಟಿರದಿದ್ದರೆ.

ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಅನುದಾನಿತ ಶಾಲೆಯಲ್ಲಿ ಬೋಧಿಸಬಹುದು, ಪ್ರಾರ್ಥನೆಯನ್ನೂ ನಡೆಸಬಹುದು, ಬಲವಂತ ಮಾಡುವಂತಿಲ್ಲ. ಜನ ಅನುದಾನವನ್ನೇ ಹಿಡಿದು ಜಗ್ಗುತ್ತಾರೆ. ಆದರೆ ಒಂದು ಪೈಸೆ ಅನುದಾನವಿಲ್ಲದೆ ಬರೀ ಸರ್ಕಾರದ ಮಾನ್ಯತೆ ಪಡೆದ ಶಾಲೆಗೂ ಇದೇ ನಿಯಮ. ಅಲ್ಪಸಂಖ್ಯಾತರಿಗೆ 30ನೇ ವಿಧಿ ಕೊಡುವುದು ಶಾಲೆ ಕಟ್ಟಿ ನಡೆಸುವ ಹಕ್ಕು. ಪಕ್ಕದ ಮನೆಯ ಮಗುವನ್ನು ಒತ್ತಾಯದಿಂದ ಪ್ರಾರ್ಥನೆಗೆ ನಿಲ್ಲಿಸುವ ಹಕ್ಕಲ್ಲ.

ಸಿಕ್ಕಿಬೀಳುವುದು ಒಪ್ಪಿಗೆಯಲ್ಲಿ. ಮಗು ಅಪ್ರಾಪ್ತವಾದ್ದರಿಂದ ಪೋಷಕರ ಒಪ್ಪಿಗೆ ಸಾಕು. ಒಬ್ಬರು ಪ್ರವೇಶ ಅರ್ಜಿಯ ಪ್ರತಿ ತಂದಿದ್ದರು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಸಂಸ್ಥೆಯ ಧಾರ್ಮಿಕ ಕಾರ್ಯಕ್ರಮಗಳಿಗೆ ಸಮ್ಮತಿ ಇದೆ ಎಂದಿತ್ತು. ಕೆಳಗೆ ಅವರದೇ ಸಹಿ. "ಸೀಟು ಸಿಕ್ಕರೆ ಸಾಕಾಗಿತ್ತು" ಎಂದರು. ಕೊಟ್ಟ ಸಮ್ಮತಿಯನ್ನು ಹಿಂಪಡೆಯಬಾರದೆಂದು 28ನೇ ವಿಧಿ ಎಲ್ಲೂ ಹೇಳಿಲ್ಲ. ಅರ್ಧ ಪುಟದ ಪತ್ರ ಬರೆಸಿದೆ, ನಕಲಿನ ಮೇಲೆ ಶಾಲೆಯ ಮೊಹರು ಹಾಕಿಸಿಕೊಳ್ಳಲು ಹೇಳಿದೆ. ಜಗಳಕ್ಕಿಂತ ಮೊಹರು ಅಗ್ಗ.

ಟಿ.ಸಿ. ಕೊಟ್ಟು ಕಳಿಸಿಬಿಟ್ಟರೆ ಎಂಬ ಅಂಜಿಕೆ ಇದ್ದೇ ಇರುತ್ತದೆ. ಅಂಥವರಿಗೆ ಕೇರಳದ ಮೂವರು ಮಕ್ಕಳ ಕತೆ ಹೇಳುತ್ತೇನೆ. ಅವರು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆ ಹೊರಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು.

ಎಲ್ಲದಕ್ಕೂ ಆಕ್ಷೇಪ ಎತ್ತುವವರ ಪರ ನಾನಿಲ್ಲ. ಕನ್ನಡ ಪಾಠದಲ್ಲಿ ಬಸವಣ್ಣನವರ ವಚನ ಬಂದರೆ ಅದು ಧಾರ್ಮಿಕ ಬೋಧನೆಯಲ್ಲ. ಗುರುನಾನಕರ ಬದುಕು ಮತ್ತು ಚಿಂತನೆಯ ಅಧ್ಯಯನವೂ ಅಲ್ಲವೆಂದು ಪಂಜಾಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಬಸವಕಲ್ಯಾಣವನ್ನೂ ಬೀದರಿನ ನಾನಕ್ ಝೀರಾ ಗುರುದ್ವಾರವನ್ನೂ ಮಗ್ಗುಲಲ್ಲೇ ಇಟ್ಟುಕೊಂಡ ನಮಗೆ ಇದನ್ನು ಕೋರ್ಟೇ ಹೇಳಬೇಕಾಗಿರಲಿಲ್ಲ.

ಕಳೆದ ವರ್ಷ ಒಬ್ಬ ತಂದೆ ಇಂಥದೇ ಪತ್ರ ಬರೆಸಲು ಮಗನನ್ನೂ ಕರೆತಂದಿದ್ದರು. ನಾನು ಬರೆದು ಮುಗಿಸುವವರೆಗೆ ಸುಮ್ಮನಿದ್ದ ಹುಡುಗ, "ಸೋಮವಾರ ಪೂಜೆ ಆದ ಮೇಲೆ ಸಜ್ಜಕ ಕೊಡುತ್ತಾರೆ, ನಾನು ಹೋಗುತ್ತೇನೆ" ಎಂದ. ತಂದೆ ಪೆನ್ನು ಹಿಡಿದು ನನ್ನ ಮುಖ ನೋಡಿದರು.