ಓಟ್ಲು ಪೆಯ್ನಿರ್: ಎರಡನೇ ಸುತ್ತು

ಮೇ 14
ಓಟ್ಲು ಪೆಯ್ನಿರ್, ಅಂದರೆ ಕಾಡು ಸೊಪ್ಪು ಬೆರೆಸಿದ ಚೀಸ್, ಮೊದಲ ಸುತ್ತಿನದನ್ನೆಲ್ಲ ಇವತ್ತು ಎಸೆದೆ. ತಪ್ಪು ನನ್ನದೇ. ಪೂರ್ವ ಟರ್ಕಿಯ ವಾನ್ ಸಂತೆಯಿಂದ ತಂದ ಸಿರ್ಮೊ ಸೊಪ್ಪನ್ನು ಹಸಿಯಾಗಿಯೇ ಹೆಚ್ಚಿ ಬೆರೆಸಿದ್ದೆ. ಸಿರ್ಮೊ ಅಂದರೆ ಹಿಮ ಕರಗಿದ ಮೇಲೆ ಗುಡ್ಡದಲ್ಲಿ ಏಳುವ ಕಾಡು ಬೆಳ್ಳುಳ್ಳಿ. ಒಂದು ವಾರಕ್ಕೆ ಚೀಸ್ ಗಡ್ಡೆ ಉಬ್ಬಿ, ಕೊಯ್ದರೆ ಒಳಗೆಲ್ಲ ತೂತು, ಕಹಿ ವಾಸನೆ.

ಕೆಳಮನೆಯ ತೆಯ್ಜೆ (ಇಲ್ಲಿ ಚಿಕ್ಕಮ್ಮನಿಗೆ ಹಾಗಂತಾರೆ) ಮೂಸಿ ನೋಡಿ ನಕ್ಕರು. "ಸೊಪ್ಪು ಮೊದಲು ಉಪ್ಪು ಕುಡೀಬೇಕು, ಮಗಳೇ." ಮಾವಿನ ಮಿಡಿಯನ್ನು ಕಲ್ಲುಪ್ಪಿನಲ್ಲಿ ಹಾಕುವ ಮನೆಯಲ್ಲಿ ಹುಟ್ಟಿದವಳಿಗೆ ಇದು ಹೊಳೆಯಬೇಕಿತ್ತು. ಸಿರ್ಮೊ, ಜೊತೆಗೆ ಇಲ್ಲಿನ ಇನ್ನೆರಡು ಕಾಡು ಸೊಪ್ಪು ಮೆಂದೊ, ಸ್ವಲ್ಪ ಹೆಲಿಜ್, ಮೂರನ್ನೂ ತೊಳೆದು ಹೆಚ್ಚಿ ಉಪ್ಪುನೀರಿನ ಜಾಡಿಗೆ ಹಾಕಿದ್ದೇನೆ.

ಜೂನ್ 2
ಕುರಿಹಾಲು 10 ಲೀಟರ್. ತೆಯ್ಜೆ ಹಸಿಹಾಲಲ್ಲೇ ಮಾಡುವವರು. ಮೂರು ತಿಂಗಳಾದರೂ ಹಣ್ಣಾಗದೆ ಅದನ್ನು ಮುಟ್ಟುವುದಿಲ್ಲ. ನನಗೆ ಹಸಿಹಾಲಿನಿಂದ ಬರುವ ಬ್ರುಸೆಲ್ಲಾ ಜ್ವರದ ಭಯ. 65 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, 32ಕ್ಕೆ ಆರಿಸಿ, ಹಾಲನ್ನು ಗಟ್ಟಿಯಾಗಿಸುವ ರೆನೆಟ್ ಹಾಕಿದೆ. ಇಲ್ಲಿ ಅದಕ್ಕೆ ಮಾಯಾ ಅಂತಾರೆ. ಹಾಲು ಗಟ್ಟಿಯಾಗುವುದನ್ನು ನೋಡುತ್ತಾ ಕೂತಾಗ ಆ ಹೆಸರು ಸರಿಯೇ ಅನ್ನಿಸುತ್ತದೆ.

ಒಂದೂವರೆ ಗಂಟೆಗೆ ಚಾಕು ನೀಟಾಗಿ ಇಳಿಯಿತು. ಬಟ್ಟೆಯಲ್ಲಿ ಒಂದು ಪದರ ಗಡ್ಡೆ, ಒಂದು ಪದರ ಸೊಪ್ಪು, ಮತ್ತೆ ಗಡ್ಡೆ. ಸೊಪ್ಪು ಒಟ್ಟು 200 ಗ್ರಾಂ, ಅದೂ ಚೆನ್ನಾಗಿ ಹಿಂಡಿದ್ದು. ಮೇಲೆ ಕಲ್ಲು ಹೇರಿದೆ.

ಜೂನ್ 3
ಬೆಳಿಗ್ಗೆ ತೂಗಿದರೆ 2 ಕೆಜಿಗೆ ತುಸು ಹೆಚ್ಚು. ಅಂಗೈಯಗಲ ಬಿಲ್ಲೆ ಕೊಯ್ದು, ಕಲ್ಲುಪ್ಪು ಸವರಿ, ಒಂದರ ಮೇಲೊಂದು ಪೇರಿಸಿದೆ. ಸಂಜೆಗೆ ತಟ್ಟೆ ತುಂಬಾ ನೀರು.

ಜೂನ್ 9
ಮಣ್ಣಿನ ಗಡಿಗೆಗೆ ತುಂಬುವ ಕೆಲಸವೇ ನಿಜವಾದ ಕಷ್ಟ. ಬಿಲ್ಲೆಗಳ ನಡುವೆ ಗಾಳಿ ಉಳಿದರೆ ಬೂಸ್ಟು ಖಂಡಿತ. ಸಂದಿಗಳಿಗೆಲ್ಲ ಪುಡಿ ಚೀಸ್ ತುರುಕಿ ಮುಷ್ಟಿಯಿಂದ ಗುದ್ದಬೇಕು. ನಾನು ಗುದ್ದಿದ್ದು ಸಾಲದೆಂದು ತೆಯ್ಜೆ ಇನ್ನೊಮ್ಮೆ ಗುದ್ದಿದರು. ಬಾಯಿಗೆ ದ್ರಾಕ್ಷಿ ಎಲೆ ಮುಚ್ಚಿ, ಬಟ್ಟೆ ಕಟ್ಟಿ, ಅವರ ಹಿತ್ತಲ ನೆರಳಲ್ಲಿ ಗುಂಡಿ ತೋಡಿ ಬೋರಲಾಗಿ ಹೂತೆವು. ಬೋರಲಾಗಿದ್ದರೆ ಉಳಿದ ನೀರು ಮಣ್ಣಿಗೆ ಇಳಿಯುತ್ತದೆ.

ಮಿಕ್ಕ ಒಂದು ಬಿಲ್ಲೆಯನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ ಲವಾಶ್ ರೊಟ್ಟಿಯಲ್ಲಿ ಸುತ್ತಿ ತಿಂದೆ. ಕಹಿ ಇಲ್ಲ. ಉಪ್ಪು ಮಾತ್ರ ಇನ್ನೂ ಜಾಸ್ತಿ. ಗುಂಡಿ ತೆಗೆಯುವುದು ಸೆಪ್ಟೆಂಬರ್ ಕೊನೆಗೆ.